ಗರಿಕೆ ಬಿಟ್ಟು ಉಳಿದದ್ದೆಲ್ಲ

ಸಿಡ್ನಿಯ ಪಶ್ಚಿಮಕ್ಕೆ, ದಿ ಪಾಂಡ್ಸ್ ಕಡೆಯ ಹೊಸ ಮನೆಗಳ ಸಾಲು ಮುಗಿಯುವ ಜಾಗದಲ್ಲಿ ಒಂದೇ ಕೋಣೆಯ ಒಂದು ಕಟ್ಟಡವಿತ್ತು. ಹುಲ್ಲುಗಾವಲಿನ ಬಗ್ಗೆ ಜನರಿಗೆ ತಿಳಿಸಿಕೊಡುವ ವಿಸಿಟರ್ ಸೆಂಟರ್ ಅದು. ನಾಲ್ಕು ವರ್ಷ ಅಲ್ಲಿ ಕೆಲಸ ಮಾಡಿದೆ. ಒಳಗೆ ಬಂದವರು ಮೊದಲು ಕೇಳುತ್ತಿದ್ದದ್ದು ಟಾಯ್ಲೆಟ್ ಎಲ್ಲಿ ಅಂತ. ಆಮೇಲೆ ಕಾಫಿ ಸಿಗುತ್ತಾ ಅಂತ. ಅದೂ ಆದಮೇಲೆ ಕಾಂಗರೂ ಎಲ್ಲಿ ಅಂತ. ಯಾರಾದರೂ ಹುಲ್ಲಿನ ಬಗ್ಗೆ ಕೇಳಿದರೆ ಅವತ್ತು ಮನೆಗೆ ಹೋಗಿ ಪಾಯಸ ಮಾಡಬೇಕು ಅಂದುಕೊಂಡಿದ್ದೆ. ನಾಲ್ಕು ವರ್ಷದಲ್ಲಿ ನಮ್ಮ ಮನೆಯಲ್ಲಿ ಪಾಯಸ ಆದದ್ದು ಹಬ್ಬಕ್ಕೆ ಮಾತ್ರ.

ಬಂದವರು ಅಭಿಪ್ರಾಯ ಬರೆಯಲಿ ಎಂದು ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೆವು. ‘ಟಾಯ್ಲೆಟ್ ತುಂಬಾ ಕ್ಲೀನ್ ಆಗಿದೆ’ ಎಂದು ಎಷ್ಟು ಜನ ಬರೆದರೋ ಲೆಕ್ಕವಿಲ್ಲ. ಗೋಡೆಯ ಮೇಲೆ ಸೂರಿನಿಂದ ನೆಲದವರೆಗೆ ಇಳಿಬಿಟ್ಟಿದ್ದ ಬೇರಿನ ಚಿತ್ರವನ್ನು, ಮಣ್ಣಿನ ಪದರಗಳು ಕಾಣುವಂತೆ ಇಟ್ಟಿದ್ದ ಗಾಜಿನ ಪೆಟ್ಟಿಗೆಯನ್ನು ನೋಡಿಯೂ ನೋಡದವರ ಹಾಗೆ ದಾಟಿ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಗುನಗುತ್ತಾ ಬಾಗಿಲು ತೋರಿಸಿ, ಎಡಕ್ಕೆ ಹೋಗಿ, ಅಲ್ಲೇ ಇದೆ ಟಾಯ್ಲೆಟ್ ಎನ್ನುತ್ತಿದ್ದೆ.

ಬೇರೆಯವರನ್ನು ಬೈಯುವ ಯೋಗ್ಯತೆ ನನಗೇನೂ ಇರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಬಾಟನಿ ಓದಿ, ಮುಂದೆ ಓದಲು ಮೆಲ್ಬರ್ನ್‌ಗೆ ಬಂದವಳು ನಾನು. ಆ ಊರಿನ ಪಶ್ಚಿಮದ ಅಂಚಿನಲ್ಲಿ, ರೆಂಟ್ ಕಡಿಮೆ ಎಂದು ಒಂದು ರೂಮು ಹಿಡಿದಿದ್ದೆ. ಸ್ಟೇಷನ್ನಿನಿಂದ ರೂಮಿಗೆ ಬರುವ ದಾರಿಯುದ್ದಕ್ಕೂ ಬಯಲು. ಒಂದು ಮರವಿಲ್ಲ, ಗಾಳಿ ಮುಖಕ್ಕೆ ಹೊಡೆಯುವುದು. ‘ಇದೆಂಥಾ ಬೋಳು ಜಾಗವೇ, ಇಲ್ಲಿ ನೋಡೋಕೆ ಒಂದು ಗಿಡ ಇಲ್ಲ’ ಎಂದು ಅಕ್ಕನಿಗೆ ಫೋನಿನಲ್ಲಿ ಅತ್ತದ್ದುಂಟು. ಆರು ತಿಂಗಳಾದ ಮೇಲೆ ನಮ್ಮ ಮೇಷ್ಟ್ರು ಅದೇ ಬಯಲಿಗೆ ನಮ್ಮನ್ನು ಕರೆದುಕೊಂಡು ಹೋದರು. ಚಹಾದ ತಟ್ಟೆಯಷ್ಟು ಅಗಲದ ಒಂದು ತಂತಿಯ ಚೌಕಟ್ಟನ್ನು ನೆಲದ ಮೇಲಿಟ್ಟು, ಹೊಟ್ಟೆ ಅಡಿ ಮಾಡಿ ಮಲಗಿ ನೋಡಿ, ಅದರೊಳಗೆ ಎಷ್ಟು ಬಗೆಯ ಗಿಡ ಇದೆ ಎಣಿಸಿ ಎಂದರು. ಮಲಗಿದೆ. ಎರಡು ಕೈಯ ಬೆರಳು ಮುಗಿದರೂ ಎಣಿಕೆ ಮುಗಿಯಲಿಲ್ಲ. ಉಗುರಿನಷ್ಟು ಚಿಕ್ಕ ಹಳದಿ ಹೂ, ದಾರದಂಥ ಎಲೆ, ಎಂಥೆಂಥದ್ದೋ. ಆರು ತಿಂಗಳು ಅದರ ಪಕ್ಕದಲ್ಲೇ ಬೈದುಕೊಂಡು ಓಡಾಡಿದ್ದೆನಲ್ಲ, ಬಾಟನಿ ಓದಿದವಳು! ಅವತ್ತಿನ ನಾಚಿಕೆ ಇನ್ನೂ ಹೋಗಿಲ್ಲ. ಮದುವೆಯಾಗಿ ಸಿಡ್ನಿಗೆ ಬಂದು, ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಈ ಸೆಂಟರಿನ ಕೆಲಸಕ್ಕೆ ಅರ್ಜಿ ಹಾಕಿದ್ದು ಅದೇ ನಾಚಿಕೆಯಿಂದ ಇರಬೇಕು.

ಸೆಂಟರಿನಲ್ಲಿ ನಾವಿದ್ದದ್ದು ಇಬ್ಬರೇ. ನಾನು, ಮತ್ತೆ ನಮ್ಮ ಮ್ಯಾನೇಜರಮ್ಮ. ಅರವತ್ತು ದಾಟಿದ ಆಸ್ಟ್ರೇಲಿಯನ್ ಹೆಂಗಸು, ಮೊಣಕಾಲಿಗೆ ಚರ್ಮದ ತೇಪೆ ಹಾಕಿದ ಪ್ಯಾಂಟು, ಮಾತು ಕಡಿಮೆ. ಕಟ್ಟಡದ ಎದುರಿಗೆ ನಾಲ್ಕು ಮಂಚದಷ್ಟು ದೊಡ್ಡದೊಂದು ಪಾತಿಯನ್ನು ಅವರೂ ನಾನೂ ಮೂರು ವರ್ಷ ಕೂತು ಬೆಳೆಸಿದ್ದೆವು. ಈ ನೆಲದ ಮೂಲದ ಜನ ಹೊಸದು ಚಿಗುರಲೆಂದು ಆಗಾಗ ಬೆಂಕಿ ಹಾಕಿ ಕಾಪಾಡಿಕೊಂಡು ಬಂದಿದ್ದ ಹುಲ್ಲುಗಾವಲು ಹಿಂದೆ ಹೇಗಿತ್ತು ಎಂದು ತೋರಿಸುವ ಪಾತಿ ಅದು. ಮುಖ್ಯವಾಗಿ ಕಾಂಗರೂ ಹುಲ್ಲು. ಗುಂಪುಗುಂಪಾಗಿ, ಕುಚ್ಚು ಕಟ್ಟಿದ ಹಾಗೆ ಬೆಳೆಯುತ್ತದೆ. ಅದರ ನಡುನಡುವೆ ಚಾಕಲೇಟ್ ಲಿಲಿ ಎಂಬ ನೇರಳೆ ಹೂವಿನ ಗಿಡ, ಮೂಸಿದರೆ ನಿಜಕ್ಕೂ ಚಾಕಲೇಟಿನ ವಾಸನೆ. ಒಂದೊಂದನ್ನೂ ಬೀಜದಿಂದ ಎಬ್ಬಿಸಿದ್ದು. ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬರುವ ಚಳಿಗಾಲದಲ್ಲಿ ಮಾತ್ರ ಇವೆಲ್ಲ ಸತ್ತ ಹಾಗೆ ಕಾಣುತ್ತವೆ, ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಲಿಲಿ ನೆಲದೊಳಗೆ ಗಡ್ಡೆಯಾಗಿ ಕೂತಿರುತ್ತದೆ.

ನಾಲ್ಕನೆಯ ವರ್ಷದ ಚಳಿಗಾಲದಲ್ಲಿ ಜಾಗದ ಒಡೆತನವಿದ್ದ ಟ್ರಸ್ಟಿನಿಂದ ಒಂದು ಪತ್ರ ಬಂತು. ಸೆಂಟರನ್ನು ಮುಂದುವರಿಸಬೇಕೋ ಮುಚ್ಚಬೇಕೋ ತೀರ್ಮಾನಿಸಲು ಅಕ್ಟೋಬರಿನಲ್ಲಿ ಬಂದು ನೋಡುತ್ತೇವೆ ಎಂದಿತ್ತು. ಸುತ್ತಲಿನ ಜನರಿಗೆ ಇದು ಬೇಕಾಗಿದೆ ಎಂಬುದಕ್ಕೆ ಅವರಿಂದಲೇ ಪತ್ರ ಬರೆಸಿ ತನ್ನಿ ಎಂದೂ ಇತ್ತು. ಮ್ಯಾನೇಜರಮ್ಮ ಪತ್ರವನ್ನು ನನ್ನ ಕಡೆ ಸರಿಸಿ, ಸುತ್ತಲಿನ ಜನ ಅಂದರೆ ಈಗ ನಿಮ್ಮವರೇ ಅಲ್ಲವಾ, ನಿನ್ನಿಂದ ಆಗುತ್ತಾ ಎಂದರು. ಸುತ್ತಲಿನ ಮನೆಗಳಲ್ಲಿ ತುಂಬಿದ್ದವರು ನಮ್ಮವರೇ ಹೌದು. ಆದರೆ ಇಷ್ಟು ವರ್ಷದಲ್ಲಿ ಒಳಗೆ ಬಂದ ನಮ್ಮವರು ಯಾರಿದ್ದರು? ‘ಇಲ್ಲಿ ಏನ್ ನೋಡೋದಿದೆ?’ ಎಂದು ಕಾರಿನ ಕಿಟಕಿಯಿಂದಲೇ ಕೇಳಿ ಮುಂದೆ ಹೋದವರು ಎಷ್ಟು ಮಂದಿ! ನನ್ನ ಮಗಳೇ, ‘ಅಮ್ಮಾ, ಇಟ್ಸ್ ಜಸ್ಟ್ ಗ್ರಾಸ್’ ಎಂದು ಎರಡನೆಯ ಸಲ ಬರಲೊಲ್ಲೆ ಎಂದಿದ್ದಳು. ಆದರೂ ಆಗುತ್ತದೆ ಎಂದು ಒಪ್ಪಿಕೊಂಡೆ.

ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯ ಮನೆಗಳವರದ್ದೊಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಬೇಡಿಕೊಂಡೆ. ಮೊದಲ ಸಂದೇಶಕ್ಕೆ ಹೆಬ್ಬೆಟ್ಟುಗಳು ಬಂದವು, ಜನ ಬರಲಿಲ್ಲ. ಎರಡನೆಯದಕ್ಕೆ ಆ ಭಾನುವಾರ ಮಕ್ಕಳ ಸ್ವಿಮ್ಮಿಂಗ್ ಇದೆ ಎಂದರು. ಮೂರನೆಯ ಸಲ ನನ್ನ ಪರವಾಗಿ ಮಾತಾಡಿದವರು ಹುಬ್ಬಳ್ಳಿಯ ಒಬ್ಬ ಆಂಟಿ. ಮಗನ ಜೊತೆ ಇರಲು ಬಂದು ಇಲ್ಲಿಯವರೇ ಆದವರು, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು. ‘ಹುಡುಗಿ ಇಷ್ಟು ಕರಿಯಾಕತ್ತಾಳ, ಹೋಗೂಣು ನಡೀರಿ. ಸುಮ್ನ ನೋಡಿ ಬರೂದು ಬ್ಯಾಡ, ಏನರ ಕೆಲಸ ಮಾಡಿಕೊಟ್ಟು ಬರೂಣು’ ಎಂದು ವಾಯ್ಸ್ ಮೆಸೇಜ್ ಕಳಿಸಿದರು. ಅವರು ಹೇಳಿದರೆ ಮುಗಿಯಿತು. ಗಣೇಶ ಚೌತಿಯ ಹಿಂದಿನ ಭಾನುವಾರ ಎಂಟು ಕಾರು ಬಂದು ನಿಂತವು. ನಮ್ಮ ಪಾರ್ಕಿಂಗ್ ತುಂಬಿದ್ದನ್ನು ನಾನು ಅವತ್ತೇ ನೋಡಿದ್ದು. ಸ್ಟೀಲಿನ ಡಬ್ಬಿಗಳಲ್ಲಿ ಅವಲಕ್ಕಿ, ಮಿರ್ಚಿ, ಒಂದು ದೊಡ್ಡ ಥರ್ಮಾಸ್ ಚಹಾ. ಹಿಗ್ಗಿ ಹೀರೇಕಾಯಿ ಆಗಿಬಿಟ್ಟೆ.

ಪತ್ರದ ಮಾತೆತ್ತಿದಾಗ ಗುಂಪನ್ನು ನಡೆಸುತ್ತಿದ್ದ ಬೆಳಗಾವಿಯ ಐಟಿ ಹುಡುಗ, ‘ಅದೇನ್ ದೊಡ್ಡ ಮಾತ್ರೀ, ನಾ ಟೈಪ್ ಮಾಡ್ತೀನಿ, ಎಲ್ಲಾರ ಸೈನ್ ಹಾಕ್ಸಿ ಮೇಲ್ ಮಾಡ್ತೀನಿ’ ಎಂದ. ಮ್ಯಾನೇಜರಮ್ಮ ಅವತ್ತು ರಜೆ. ಸೋಮವಾರ ಬಂದು ಇದನ್ನೆಲ್ಲ ಕೇಳಿ ಅವರ ಮುಖ ಹೇಗಾಗಬಹುದು ಎಂದು ನಾನು ಆಗಲೇ ಯೋಚಿಸತೊಡಗಿದ್ದೆ.

ಎದುರಿನ ಪಾತಿಯಲ್ಲಿ ಕಳೆ ಕೀಳುವ ಕೆಲಸ ಕೊಟ್ಟೆ. ಹುಷಾರಾಗಿಯೇ ಹೇಳಿಕೊಟ್ಟೆ ಎಂದು ಈಗಲೂ ನನ್ನ ವಾದ. ಅಗಲ ಎಲೆಯದ್ದೆಲ್ಲ ಕೀಳಿ. ಕುಚ್ಚಿನಂಥದ್ದು ಕಾಂಗರೂ ಹುಲ್ಲು, ಅದನ್ನು ಮುಟ್ಟಬೇಡಿ. ನೆಲಕ್ಕೆ ಅಂಟಿ ಹರಿದಾಡುವ ಹಸಿರು ಹುಲ್ಲು ದೊಡ್ಡ ಶತ್ರು, ಒಂದು ಗೆಣ್ಣು ಉಳಿದರೂ ಮತ್ತೆ ಹಬ್ಬುತ್ತದೆ, ಬೇರುಸಹಿತ ಕೀಳಿ. ಇಷ್ಟು ಹೇಳಿ ಒಂದು ಎಳೆ ಕಿತ್ತು ತೋರಿಸಿದೆ. ಆಂಟಿ ಬಗ್ಗಿ ನೋಡಿದರು.

“ಅಯ್ಯ! ಇದು ಗರಿಕಿ ಅಲ್ಲೇನವ್ವಾ?”

“ಹೌದ್ರೀ ಆಂಟಿ, ಗರಿಕಿನ. ಆದ್ರ ಈ ಪಾತ್ಯಾಗ ಅದು ಕಳೆ.”

“ಗಣಪ್ಪ ಬರೂ ಹೊತ್ತಿಗೆ ಗರಿಕಿ ಕಿತ್ತು ಒಗಿ ಅಂತೀಯಲ್ಲ, ನಿನ್ನ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕರೆ ಒಪ್ಪಿದ ಹಾಗೆ ಎಂದು ತಿಳಿದುಕೊಂಡೆ, ದಡ್ಡಿ! ನಮ್ಮ ಜನ ನಗುವುದು ಒಪ್ಪುವುದಕ್ಕಲ್ಲ, ಎದುರಾಡಬಾರದು ಎಂದು ನಗುವುದು ಎಂದು ಅವರ ನಡುವೆಯೇ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. ಅಷ್ಟರಲ್ಲಿ ಮಕ್ಕಳನ್ನು ಕರೆದುಕೊಂಡು ಒಂದು ಬಿಳಿಯರ ಸಂಸಾರ ಬಂತು. ಆ ಮಕ್ಕಳ ಅಪ್ಪ ಬೇರಿನ ಚಿತ್ರದ ಮುಂದೆ ನಿಂತು, ಇದು ನಿಜವಾಗಿ ಇಷ್ಟು ಆಳ ಹೋಗುತ್ತದೆಯೇ ಎಂದು ಕೇಳಿದ. ಹುಲ್ಲಿನ ಬಗ್ಗೆ ಕೇಳಿದ! ನನಗೆ ಮೈಮೇಲೆ ಪ್ರಜ್ಞೆ ಉಳಿಯಲಿಲ್ಲ. ಗಾಜಿನ ಪೆಟ್ಟಿಗೆ, ಬೀಜದ ಡ್ರಾಯರು, ಬೆಂಕಿಯ ಕಥೆ, ಒಂದೂ ಬಿಡದೆ ಹೇಳಿದೆ. ಅವರು ಹೋಗುವ ಹೊತ್ತಿಗೆ ಒಂದು ಗಂಟೆಯ ಮೇಲಾಗಿತ್ತು.

ಹೊರಗೆ ಬಂದೆ. ಪಾತಿ ಸಾರಿಸಿದ ಅಂಗಳದ ಹಾಗಿತ್ತು. ಒಂದು ಕಡ್ಡಿ ಇಲ್ಲ. ಕಾಂಗರೂ ಹುಲ್ಲಿನ ಕುಚ್ಚುಗಳೆಲ್ಲ ಬೇರು ಮೇಲಾಗಿ ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು, ಲಿಲಿಯ ಗಡ್ಡೆಗಳು ಮಣ್ಣಿನ ಜೊತೆ ಬಕೆಟ್ಟಿನಲ್ಲಿದ್ದವು. ನಡುವೆ, ಅಚ್ಚುಕಟ್ಟಾಗಿ, ಗರಿಕೆ. ಅಷ್ಟೇ ಉಳಿದಿತ್ತು. ಅದಕ್ಕೆ ಆಂಟಿ ಚೊಂಬಿನಲ್ಲಿ ನೀರು ಹಾಕುತ್ತಿದ್ದರು.

“ಒಣಾ ಹುಲ್ಲೆಲ್ಲಾ ತಗದ್ವಿ ನೋಡವ್ವಾ. ಸತ್ತು ನಿಂತಿತ್ತು, ನೋಡಾಕ ಆಗವಲ್ದಾಗಿತ್ತು,” ಎಂದರು, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾ. “ಗರಿಕಿ ಅಷ್ಟ ಬಿಟ್ಟೀವಿ. ಅದನ್ನ ಹೆಂಗ ಕಿತ್ತು ಕಸದಾಗ ಒಗೀಬೇಕು ಹೇಳು. ಈಗ ಛಂದ ಆತಿಲ್ಲೊ?”

ನನ್ನ ದನಿ ಬೇಕಾದ್ದಕ್ಕಿಂತ ಹೆಚ್ಚೇ ಹೊರಟಿತು.

“ನಿಮಗ ಕಣ್ಣು ಅದಾವೋ ಇಲ್ಲೋ? ಮುಟ್ಟಬ್ಯಾಡ್ರಿ ಅಂತ ಹೇಳಿದ್ದನ್ನ ಹುಡುಕಿ ಹುಡುಕಿ ಕಿತ್ತೀರಲ್ಲ! ಮೂರು ವರ್ಷ, ಆಂಟಿ, ಮೂರು ವರ್ಷ ಬೀಜ ಹಾಕಿ ಎಬ್ಸಿದ್ದು! ಅಕ್ಟೋಬರ್‌ದಾಗ ಬಂದವರಿಗೆ ಏನ್ ತೋರ್ಸಲಿ ನಾನು, ನಿಮ್ಮ ಗರಿಕಿ ತೋರ್ಸ್ಲೇನು? ನಿಮ್ಮಂಥಾವ್ರನ್ನ ಕರದದ್ದ ನನ್ನ ತಪ್ಪು!”

ನಿಮ್ಮಂಥವರು. ಆ ಮಾತು ಬಾಯಿಂದ ಬಿದ್ದದ್ದು ನನಗೇ ಕೇಳಿಸಿತು. ತಿರುಗಿ ತೆಗೆದುಕೊಳ್ಳಲು ಆಗಲಿಲ್ಲ. ಮಕ್ಕಳು ಆಟ ನಿಲ್ಲಿಸಿ ನೋಡುತ್ತಿದ್ದವು. ಬೆಳಗಾವಿಯ ಹುಡುಗ ಗ್ಲೌಸ್ ಬಿಚ್ಚಿ ಜೋಡಿ ಮಾಡಿ ಮೆಟ್ಟಿಲ ಮೇಲಿಟ್ಟ. ಆಂಟಿ ಸೆರಗಿಗೆ ಕೈ ಒರೆಸಿಕೊಂಡರು.

“ನಮಗ ತಿಳೀಲಿಲ್ಲವ್ವಾ. ಎರಡೂ ಹುಲ್ಲ ಕಂಡ್ವು. ನೀ ಇಲ್ಲೇ ನಿಂತು ತೋರಿಸಿದ್ರ ತಿಳೀತಿತ್ತು.”

ಅಷ್ಟೇ ಅಂದರು. ಅವಲಕ್ಕಿಯ ಡಬ್ಬಿಗಳು ಮುಚ್ಚಳ ತೆರೆಯದೆಯೇ ಕಾರುಗಳಿಗೆ ಹೋದವು. ಹುಲ್ಲಿನ ಬಗ್ಗೆ ಕೇಳಿದವರೊಬ್ಬರು ಬಂದಿದ್ದರೂ ಅವತ್ತು ಮನೆಯಲ್ಲಿ ಪಾಯಸ ಆಗಲಿಲ್ಲ.

ಮಾರನೆಯ ದಿನ ಮ್ಯಾನೇಜರಮ್ಮ ಬಂದು ಪಾತಿಯ ಮುಂದೆ ನಿಂತರು. ಬೈದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಬೈಯಲಿಲ್ಲ. ಗುಡ್ಡೆಯಿಂದ ಒಂದು ಕುಚ್ಚು ಎತ್ತಿ, ಬೇರಿಗೆ ಅಂಟಿದ ಮಣ್ಣನ್ನು ಬೆರಳಿನಲ್ಲಿ ತಟ್ಟಿ, ನೀರಿನ ಬಕೆಟ್ಟಿಗೆ ಇಳಿಸಿದರು. ಇನ್ನೊಂದು ಎತ್ತಿದರು. ಇಬ್ಬರೂ ಸಂಜೆಯವರೆಗೆ ಅದನ್ನೇ ಮಾಡಿದೆವು. ಬೇರು ಹರಿದಿದ್ದವು, ರಾತ್ರಿಯೆಲ್ಲ ಗಾಳಿಗೆ ಒಣಗಿದ್ದವು. ತಿರುಗಿ ನೆಟ್ಟವು ಒಂದೊಂದಾಗಿ ಸತ್ತವು. ಗರಿಕೆಯನ್ನು ಅಗೆದು ತೆಗೆದೆವು. ಉಳಿದದ್ದು ಬರೀ ಮಣ್ಣು. ಬದುಕಬಹುದೇನೋ ಅನ್ನಿಸಿದ ಒಂದೇ ಒಂದು ಕುಚ್ಚನ್ನು ಮ್ಯಾನೇಜರಮ್ಮ ಒಂದು ಕುಂಡದಲ್ಲಿ ಹಾಕಿ ನನ್ನ ಕೈಗೆ ಕೊಟ್ಟು, ಮನೆಗೆ ತೆಗೆದುಕೊಂಡು ಹೋಗು ಎಂದರು.

ಪತ್ರಕ್ಕಾಗಿ ಬೆಳಗಾವಿಯ ಹುಡುಗನಿಗೆ ಸಂದೇಶ ಕಳಿಸಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ನಾನೂ ಕೊಡುತ್ತಿರಲಿಲ್ಲ. ಆಂಟಿಗೆ ಫೋನ್ ಮಾಡಿ ತಪ್ಪಾಯಿತು ಎಂದು ಒಂದು ಮಾತು ಹೇಳಿದ್ದರೆ ಪತ್ರ ಬರುತ್ತಿತ್ತೋ ಏನೋ. ಫೋನು ಎಷ್ಟು ಸಲ ಕೈಗೆ ತೆಗೆದುಕೊಂಡೆ! ಪ್ರತಿ ಸಲ ಆ ಚೊಂಬು, ಆ ನೀರು ಕಣ್ಣ ಮುಂದೆ ಬಂದು, ಸಿಟ್ಟು ನೆತ್ತಿಗೇರಿ, ಇಟ್ಟುಬಿಟ್ಟೆ.

ಅಕ್ಟೋಬರಿನಲ್ಲಿ ಟ್ರಸ್ಟಿನ ಮೂವರು ಬಂದರು. ಒಳ್ಳೆಯ ಜನವೇ. ಒಳಗೆಲ್ಲ ನೋಡಿದರು, ಪುಸ್ತಕ ತಿರುವಿದರು, ಟಾಯ್ಲೆಟ್ಟಿನ ಹೊಗಳಿಕೆ ಓದಿ ಮುಗುಳ್ನಕ್ಕರು. ಆಮೇಲೆ ಪಾತಿಯ ಹತ್ತಿರ ಬಂದರು. ನಮ್ಮ ಸ್ವಯಂಸೇವಕರಿಂದ ಒಂದು ತಪ್ಪಾಯಿತು ಎಂದು ಮ್ಯಾನೇಜರಮ್ಮ ಶುರು ಮಾಡಿದರು. ಸ್ವಯಂಸೇವಕರದ್ದಲ್ಲ, ನನ್ನದು, ನಾನು ನಿಂತು ತೋರಿಸಲಿಲ್ಲ ಎಂದೆ. ಮೂವರಲ್ಲಿ ಒಬ್ಬ ಹೆಂಗಸು, ನನಗೆ ಬೇಜಾರಾಗದಿರಲಿ ಎಂದೇ ಇರಬೇಕು, ಪರವಾಗಿಲ್ಲ ಬಿಡಿ, ನೋಡಲು ಕ್ಲೀನಾಗಿದೆ ಎಂದಳು. ಅಲ್ಲೇ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ವರ್ಷದ ಕೊನೆಗೆ ಸೆಂಟರು ಮುಚ್ಚಿತು. ಮ್ಯಾನೇಜರಮ್ಮ ನಿವೃತ್ತಿ ತೆಗೆದುಕೊಂಡು ಮಗಳ ಊರಿಗೆ ಹೋದರು. ಬೇರಿನ ಚಿತ್ರ ಯಾರಿಗೂ ಬೇಕಿರಲಿಲ್ಲ, ಈಗ ನಮ್ಮ ಗ್ಯಾರೇಜಿನಲ್ಲಿದೆ. ಕಟ್ಟಡವನ್ನು ಪಿಕ್ನಿಕ್ಕಿಗೆ ಬಂದವರು ಕೂರುವ ಜಾಗ ಮಾಡಿದರು, ಟಾಯ್ಲೆಟ್ ಹಾಗೆಯೇ ಉಳಿಸಿದರು. ಕೀ ವಾಪಸ್ ಕೊಡಲು ಹೋದ ದಿನ ಎದುರಿನ ಪಾತಿಯ ಮೇಲೆ ಕೆಲಸಗಾರರು ಸಿದ್ಧ ಹುಲ್ಲಿನ ಸುರುಳಿಗಳನ್ನು ಮದುವೆ ಮನೆಯ ಜಮಖಾನೆ ಹಾಸಿದ ಹಾಗೆ ಹಾಸುತ್ತಿದ್ದರು. ಬಗ್ಗಿ ನೋಡಿದೆ. ಇಲ್ಲಿನವರು ಕೌಚ್ ಎಂದು ಕರೆಯುವ ಲಾನ್ ಹುಲ್ಲು. ಅಂದರೆ ಗರಿಕೆ. ಕೀ ಕೊಟ್ಟು ಕಾರಿನಲ್ಲಿ ಕೂತು ಸ್ಟೀರಿಂಗಿಗೆ ತಲೆ ಆನಿಸಿ ಅತ್ತೆ. ಅಳುತ್ತಲೇ ಬೈದೆ, ಯಾರನ್ನು ಬೈದೆನೋ ನನಗೇ ಗೊತ್ತಿಲ್ಲ.

ಈಗ ಬ್ಲ್ಯಾಕ್‌ಟೌನ್‌ನಲ್ಲಿ ಒಂದು ಆಫೀಸಿನಲ್ಲಿ ಫೋನ್ ತೆಗೆಯುವ ಕೆಲಸ. ಮಾರ್ಟ್‌ಗೇಜ್ ಯಾರಿಗೂ ಕಾಯುವುದಿಲ್ಲವಲ್ಲ. ಕುಂಡ ಮಾತ್ರ ಟೂಂಗಾಬಿಯ ನಮ್ಮ ಮನೆಯ ಮುಂಬಾಗಿಲ ಮೆಟ್ಟಿಲ ಮೇಲಿದೆ. ಬದುಕಿತು.

ಈ ವರ್ಷ ಚೌತಿಯ ಹಿಂದಿನ ದಿನ ಆಂಟಿಯ ಫೋನು ಬಂತು. ಒಂದು ವರ್ಷದ ಮೇಲೆ.

“ಹೆಂಗದೀ ಅವ್ವಾ? ನೋಡು, ನಿನ್ನ ಆಫೀಸ್ ಇತ್ತಲ್ಲ, ಅಲ್ಲಿ ಗರಿಕಿ ಭಾಳ ಛಲೋ ಬಂದೈತಿ. ಎಲ್ಲಾರೂ ಅಲ್ಲೇ ಹೋಗಿ ತಂದ್ವಿ. ನಿನಗೂ ಒಂದು ಕಟ್ಟು ತಂದೀನಿ, ಕೊಟ್ಟು ಹೋಗ್ತೀನಿ.”

ಬೇಡ ಎನ್ನಬೇಕು ಅಂತಲೇ ಬಾಯಿ ತೆರೆದೆ. ಬರ್ರಿ ಆಂಟಿ, ಚಹಾ ಕುಡೀರಂತ ಎಂದೆ. ಒಳಗೆ ಚಹಾಕ್ಕಿಟ್ಟು, ಕಾರಿನ ಸದ್ದು ಕೇಳಿ ಬಾಗಿಲು ತೆಗೆದೆ. ಮಗ ಗೇಟಿನ ಹತ್ತಿರ ಇಳಿಸಿ ಹೋಗಿದ್ದ. ಒಂದು ಕೈಯಲ್ಲಿ ದಾರ ಕಟ್ಟಿದ ಗರಿಕೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಆಂಟಿ ಕುಂಡದ ಹತ್ತಿರ ನಿಂತರು. ಚಳಿಗಾಲ ಆಗಷ್ಟೇ ಮುಗಿದು ಹುಲ್ಲು ಕಂದಾಗಿ ನಿಂತಿತ್ತು.

“ಕುಂಡದಾಗ ಗಿಡಾ ಸತ್ತು ಬರೇ ಹುಲ್ಲ ಉಳದೈತಲ್ಲವ್ವಾ. ಹಬ್ಬದ ಮುಂದ ಬಾಗಲದಾಗ ಹಿಂಗ ಬಿಡ್ತಾರೇನು,” ಎಂದು ಬಗ್ಗಿ, ಇನ್ನೊಂದು ಕೈಯಿಂದ ಕುಚ್ಚಿನ ಬುಡ ಹಿಡಿದರು.

ಹಾರಿ ಅವರ ಮಣಿಕಟ್ಟು ಹಿಡಿದುಕೊಂಡೆ. ಅವರು ಹೆದರಿ ನನ್ನ ಮುಖ ನೋಡಿದರು. ಆ ಪಾತಿಯ ದಿನದ ಸಿಟ್ಟೇ ಕಾಲಿನಿಂದ ತಲೆಯವರೆಗೆ ಬಂತು. ಕರ್ಮವೇ, ಮತ್ತೆ ಅದೇ ಕೈ! ಆದರೆ ಇನ್ನೊಂದು ಕೈಯಿಂದ, ನನಗೆಂದು ತಂದಿದ್ದ ಗರಿಕೆಯ ಕಟ್ಟು ಕೆಳಗೆ ಬಿದ್ದಿತ್ತು.

“ಕುಂಡ್ರಿ ಆಂಟಿ,” ಎಂದೆ.

ಮೆಟ್ಟಿಲ ಮೇಲೆ ಕೂರಿಸಿ ಪಕ್ಕದಲ್ಲಿ ಕೂತೆ. ಕುಂಡವನ್ನು ಇಬ್ಬರ ನಡುವೆ ಎಳೆದುಕೊಂಡೆ. ಒಣಗಿದ ಎಲೆಗಳನ್ನು ಬೆರಳಿನಿಂದ ಅಗಲಿಸಿ, ಬುಡದಲ್ಲಿ ಎದ್ದಿದ್ದ ಹಸಿರು ಮೊಳಕೆ ತೋರಿಸಿದೆ. ಹಳೆಯ ತೆನೆಯಿಂದ ಒಂದು ಬೀಜ ಬಿಡಿಸಿ ಅವರ ಅಂಗೈ ಮೇಲಿಟ್ಟು, ಉಗುಳು ಹಚ್ಚಿದೆ. ಅದರ ಬಾಲ ನಿಧಾನವಾಗಿ ತಿರುಗಿತು. ಹೀಗೆ ತಿರುಗುತ್ತಾ ತಾನೇ ಮಣ್ಣಿನೊಳಗೆ ಇಳಿಯುತ್ತದೆ ಎಂದೆ. ಆಂಟಿ ಕನ್ನಡಕ ಹಾಕಿಕೊಂಡು ಅಂಗೈಯನ್ನು ಮುಖದ ಹತ್ತಿರ ತಂದುಕೊಂಡು, ಬೀಜ ನಿಲ್ಲುವ ತನಕ ನೋಡಿದರು. ಸೆಂಟರಿನ ನಾಲ್ಕು ವರ್ಷದಲ್ಲಿ ಹಾಗೆ ನೋಡಿದವರು ಯಾರೂ ಇರಲಿಲ್ಲ.

“ಇದನ್ನೇನು ಅವತ್ತು ನಾವು ಕಿತ್ತಿದ್ದು?”

“ಹೂಂ ರೀ.”

“ಎಷ್ಟು ಕಿತ್ವಿ?”

“ಎಲ್ಲಾನೂ.”

ಆಂಟಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಕಣ್ಣೂ ಒರೆಸಿಕೊಂಡರು.

“ಅವತ್ತ ಹಿಂಗ ಪಕ್ಕಕ್ಕ ಕುಂತು ತೋರಿಸಬಾರದಾಗಿತ್ತೇನವ್ವಾ,” ಎಂದರು.

ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲುವ ಸದ್ದಾಯಿತು. ನಾನು ಏಳಲಿಲ್ಲ.